ಮೂರನೆಯ ತರಗತಿಯ ರಾತ್ರಿ: ರೈಲುಗಾಡಿಯಲ್ಲಿ ನಿದ್ರೆಯ ಇತಿಹಾಸ

ಭಾರತದ ರೈಲುಮಾರ್ಗಗಳ ಇತಿಹಾಸವನ್ನು ಬರೆದವರು ಹಳಿಯ ಉದ್ದ, ಸೇತುವೆಗಳ ರಚನೆ, ಬಂಡವಾಳ, ಸರಕಿನ ಸಾಗಣೆ ಮುಂತಾದುವನ್ನು ವಿಪುಲವಾಗಿ ವರ್ಣಿಸಿದ್ದಾರೆ. ಎರಡು ಮೂರು ರಾತ್ರಿಗಳನ್ನು ಗಾಡಿಯಲ್ಲಿಯೇ ಕಳೆಯಬೇಕಾದ ಸಾಮಾನ್ಯ ಪ್ರಯಾಣಿಕನು ಎಲ್ಲಿ ಮಲಗಿದನೆಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಪ್ರಶ್ನೆಯು ಕ್ಷುಲ್ಲಕವೆಂದು ತೋರಬಹುದು. ಆದರೆ ರೈಲಿನ ಆಡಳಿತವು ಬಡ ಪ್ರಯಾಣಿಕನನ್ನು ಯಾವ ದೃಷ್ಟಿಯಿಂದ ಕಂಡಿತೆಂಬುದನ್ನು ತಿಳಿಯಲು ಇದಕ್ಕಿಂತ ನೇರವಾದ ದಾರಿಯು ನನಗೆ ಕಾಣದು.

ಈ ವಿಷಯದಲ್ಲಿ ಗಾಂಧೀಜಿಯವರು 1917ರಲ್ಲಿ ಪತ್ರಿಕೆಗಳಿಗೆ ಬರೆದ ದೀರ್ಘವಾದ ಪತ್ರವು ಅಮೂಲ್ಯವಾದ ಸಾಕ್ಷ್ಯವಾಗಿದೆ. ದಕ್ಷಿಣ ಆಫ್ರಿಕದಿಂದ ಹಿಂದಿರುಗಿದ ಮೇಲೆ ಅವರು ಸ್ವೇಚ್ಛೆಯಿಂದಲೇ ಮೂರನೆಯ ತರಗತಿಯಲ್ಲಿ ಸಂಚರಿಸುತ್ತಿದ್ದರು. ಆ ವರ್ಷದ ಸೆಪ್ಟೆಂಬರ್ 12ರಂದು ಮುಂಬಯಿಯಿಂದ ಮದರಾಸಿಗೆ ಹೊರಟಾಗ ಅವರು ತೆತ್ತ ದರ 13 ರೂಪಾಯಿ 9 ಆಣೆ. ದಾರಿಯಲ್ಲಿ ಎರಡು ರಾತ್ರಿಗಳು ಕಳೆಯಬೇಕಾಗಿದ್ದವು. ಡಬ್ಬಿಯ ಮೇಲೆ 22 ಮಂದಿಗೆಂದು ಗುರುತು ಹಾಕಿತ್ತು. ಅದೂ ಕುಳಿತುಕೊಳ್ಳುವುದಕ್ಕೆ ಮಾತ್ರ. ನೆಮ್ಮದಿಯಿಂದ ಮಲಗಲು ತಕ್ಕ ಹಲಗೆಗಳೇ ಇರಲಿಲ್ಲ. ಪುಣೆಯನ್ನು ಮುಟ್ಟುವವರೆಗೆ ಆ ಸಂಖ್ಯೆಯು ಮೀರದಿದ್ದುದಕ್ಕೆ ಕಾರಣ, ಒಳಗಿದ್ದ ಧೈರ್ಯಶಾಲಿಗಳು ಹೊರಗಿನವರನ್ನು ತಡೆದು ನಿಲ್ಲಿಸಿದುದೇ ಹೊರತು ರೈಲಿನ ನಿಯಮವಲ್ಲ. ರಾಯಚೂರನ್ನು ದಾಟಿದ ಮೇಲೆ ಒತ್ತಡವು ಅಸಹನೀಯವಾಯಿತು. ಆ ರಾತ್ರಿಯ ಬಹುಭಾಗ ಡಬ್ಬಿಯಲ್ಲಿ 35 ಮಂದಿಯಿದ್ದರು. ಕೆಲವರು ನೆಲದ ಕೊಳೆಯಲ್ಲಿಯೇ ಮಲಗಿದರು, ಕೆಲವರು ನಿಂತೇ ಇದ್ದರು. ಹಿರಿಯರು ನಡುವೆ ಬಾರದಿದ್ದರೆ ಕೈಕೈ ಮಿಲಾಯಿಸುವ ಪ್ರಸಂಗವೂ ಬರುತ್ತಿತ್ತು. ಇಡೀ ಪ್ರಯಾಣದಲ್ಲಿ ಒಮ್ಮೆಯೂ ಕಸ ಗುಡಿಸಲಿಲ್ಲವಂತೆ. ದಾರಿಯಲ್ಲಿ ದೊರೆತ ಚಹದ ವರ್ಣನೆಯನ್ನಂತೂ ಊಟಕ್ಕೆ ಮುಂಚೆ ಓದದಿರುವುದು ಲೇಸು.

ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಮುಂಬಯಿಯ ಕಡೆಯ ಹಾಗೂ ಮದರಾಸಿನ ಕಡೆಯ ಕಂಪನಿಗಳ ಮಾರ್ಗಗಳು 1871ರಲ್ಲಿ ಅಲ್ಲಿಯೇ ಕೂಡಿಕೊಂಡಿದ್ದವು. ಎರಡು ಆಡಳಿತಗಳ ಗಡಿಯಲ್ಲಿ ಪ್ರಯಾಣಿಕನ ಹೊಣೆಯು ಯಾರದೂ ಆಗಿರಲಿಲ್ಲವೆಂದು ಊಹಿಸಲು ಅವಕಾಶವುಂಟು. ಆದರೆ ಇದು ನನ್ನ ಊಹೆಯೇ ಹೊರತು ಪತ್ರದ ಮಾತಲ್ಲ.

ಪತ್ರವು ಜನಮತವನ್ನು ಎಚ್ಚರಿಸಲು ಬರೆದ ದೂರಾದುದರಿಂದ ಅದನ್ನು ಎಚ್ಚರಿಕೆಯಿಂದಲೇ ಓದಬೇಕು. ಆದರೂ ಅದರ ವಾದವು ಲೆಕ್ಕದ ಮೇಲೆ ನಿಂತಿದೆ. ಮೊದಲನೆಯ ತರಗತಿಯ ದರವು ಮೂರನೆಯದರ ಐದರಷ್ಟಕ್ಕೂ ಮಿಗಿಲು. ಹಾಗಿದ್ದ ಮೇಲೆ ಮೂರನೆಯ ತರಗತಿಯವನಿಗೆ ಆ ಸೌಕರ್ಯದ ಐದನೆಯ ಒಂದು ಪಾಲಾದರೂ ದೊರೆಯುತ್ತಿದೆಯೇ ಎಂದು ಅವರು ಕೇಳಿದರು.

ಇದಕ್ಕೆ ಉತ್ತರ ದೊರೆಯಲು ಸ್ವಾತಂತ್ರ್ಯವೇ ಬರಬೇಕಾಯಿತು. 1950ರ ದಶಕದಲ್ಲಿ ಮೂರನೆಯ ತರಗತಿಗೂ ಮಲಗುವ ಗಾಡಿಗಳು ಬಂದವು. 1974ರಲ್ಲಿ ಆ ತರಗತಿಯ ಹೆಸರೇ ಅಳಿಯಿತು. ಹಲಗೆ ಮಾತ್ರ ಬರಿಯ ಮರದ್ದಾಗಿಯೇ ಉಳಿಯಿತು. 1977ರಲ್ಲಿ ರೈಲುಮಂತ್ರಿಗಳಾದ ಮಧು ದಂಡವತೆಯವರು ಅದಕ್ಕೆ ಎರಡು ಅಂಗುಲದ ಮೆತ್ತೆಯನ್ನು ಹಾಕಿಸುವ ಕ್ರಮವನ್ನು ಕೈಗೊಂಡರು. ಅದೇ ವರ್ಷದ ಡಿಸೆಂಬರ್ 26ರಂದು ಮುಂಬಯಿ–ಹೌರಾ ನಡುವೆ ವರ್ಗಭೇದವಿಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಹೊರಟಿತು. ಎರಡು ಅಂಗುಲವನ್ನು ಅಲ್ಪವೆನ್ನುವವರು ಬರಿಯ ಹಲಗೆಯ ಮೇಲೆ ಎರಡು ರಾತ್ರಿ ಮಲಗಿ ನೋಡಬೇಕು.

ಮೂರು ಅಂತಸ್ತಿನ ಈ ಹಾಸುಗೆಯು ತನ್ನದೇ ಆದ ಶಿಷ್ಟಾಚಾರವನ್ನೂ ಬೆಳೆಸಿತು. ನಡುವಣ ಹಲಗೆಯನ್ನು ಎತ್ತಿ ಕಟ್ಟಿದೊಡನೆ ಕೆಳಗೆ ಕುಳಿತವನು ತಲೆ ಬಾಗಿಸಲೇಬೇಕು. ಆದುದರಿಂದ ಒಬ್ಬನ ನಿದ್ರೆಗೆ ಇನ್ನೊಬ್ಬನ ಸಮ್ಮತಿಯು ಬೇಕಾಯಿತು. ಅದನ್ನು ಹಾಸಿಕೊಳ್ಳಲು 2017ರಿಂದ ರಾತ್ರಿ 10ರಿಂದ ಬೆಳಗಿನ 6ರವರೆಗೆ ಎಂಬ ನಿಯಮವಿದೆ. ನಿಯಮವು ಹೇಗಿದ್ದರೂ, ಮುದುಕರಿಗೆ ಕೆಳಗಿನ ಹಲಗೆಯನ್ನು ಬಿಟ್ಟುಕೊಟ್ಟು ಮೇಲೇರುವ ಯುವಕರನ್ನು ಯಾವ ಗಾಡಿಯಲ್ಲಿಯೂ ಕಾಣಬಹುದು.

ಮುಂಗಡ ಕಾದಿರಿಸದವರ ಡಬ್ಬಿಯ ಮಾತು ಬೇರೆ. ಅಲ್ಲಿ ಇಂದಿಗೂ ಸಾಮಾನಿನ ಅಟ್ಟದ ಮೇಲೆ ಜನರು ಮಲಗುತ್ತಾರೆ. ಎರಡು ಅಟ್ಟಗಳ ನಡುವೆ ಬಟ್ಟೆಯನ್ನು ಜೋಲಿಯಾಗಿ ಕಟ್ಟಿ ಅದರಲ್ಲಿ ನಿದ್ರಿಸುವವರೂ ಉಂಟು. ಇಷ್ಟು ಮಂದಿ ಕುಳಿತುಕೊಳ್ಳಬಹುದೆಂಬ ಸಂಖ್ಯೆಯನ್ನು ಆ ಡಬ್ಬಿಯ ಗೋಡೆಯ ಮೇಲೆಯೂ ಬರೆದಿದೆ.