ಚಿನ್ನದ ಗಣಿಗೆ ಕಾವೇರಿಯ ವರ್ತನೆ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ನನ್ನ ತಾಯಿಯ ತವರೂರು. ಸಂಗೀತ ಬಲ್ಲವರಿಗೆ ವಿದ್ವಾನ್ ಬೆಳಕವಾಡಿ ಶ್ರೀನಿವಾಸ ಐಯ್ಯಂಗಾರ್ಯರ ಹೆಸರಿನೊಂದಿಗೆ ಈ ಊರು ಗೊತ್ತು. ಉಳಿದವರಿಗೆ ಅದು ಶಿವನಸಮುದ್ರದ ಹತ್ತಿರದ ಒಂದು ಊರು, ಅಷ್ಟೆ. ಹೆಸರಿನಲ್ಲೇ ಬೆಳಕನ್ನು ಇಟ್ಟುಕೊಂಡಿರುವ ಊರು ಅದು. ಆದರೆ ಅದರ ಮಗ್ಗುಲಲ್ಲೇ, ಜನ ಈಗಲೂ ‘ಬ್ಲಫ್’ ಎಂದು ಕರೆಯುವ ಜಾಗದಲ್ಲಿ, 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಬೆಳಗಿಸಿದ್ದು ಬೆಳಕವಾಡಿಯನ್ನಲ್ಲ, ಮಳವಳ್ಳಿಯನ್ನಲ್ಲ, ಬೆಂಗಳೂರನ್ನೂ ಅಲ್ಲ. ಅದು ನಮ್ಮ ತಲೆಯ ಮೇಲೆ ತಂತಿಯಲ್ಲಿ ಹಾದು, 92 ಮೈಲಿ ಆಚೆಗಿನ ಕೋಲಾರದ ಚಿನ್ನದ ಗಣಿಗೆ ಹೋಯಿತು.

ಯಾಕೆ ಎಂದು ಕೇಳಿದರೆ ಉತ್ತರ ಸರಳ. ಗಣಿಯವರು ‘ವರ್ತನೆ’ ಹಾಕಿಸಿಕೊಂಡಿದ್ದರು.

ವರ್ತನೆ ಎಂದರೆ ನಮಗೆಲ್ಲ ಗೊತ್ತು. ಹಾಲಿನವಳ ಹತ್ತಿರ ದಿನಕ್ಕೆ ಒಂದು ಸೇರು ಎಂದು ಗೊತ್ತುಮಾಡಿಕೊಂಡರೆ ಅವಳು ಮಳೆಯಿರಲಿ, ಹಬ್ಬವಿರಲಿ ತಂದು ಹಾಕಬೇಕು. ನಾವೂ ಅಷ್ಟೆ, ಊರಿಗೆ ಹೋಗುವಾಗ ಮುಂಚೆ ಹೇಳಬೇಕು, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಬೇಕು. ಆ ನಂಬಿಕೆಯ ಮೇಲೆ ಅವಳು ಇನ್ನೊಂದು ಎಮ್ಮೆ ಕಟ್ಟುತ್ತಾಳೆ. ಕೊಳ್ಳುವವರ ಮಾತು ಗಟ್ಟಿಯಾಗಿದ್ದರೆ ಮಾರುವವರಿಗೆ ಸಾಲ ಮಾಡುವ ಧೈರ್ಯ ಬರುತ್ತದೆ. ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಕಟ್ಟಿದ್ದು ಇಂಥದೇ ಒಂದು ಎಮ್ಮೆಯನ್ನು, ತೀರಾ ದೊಡ್ಡದನ್ನು!

ಕೋಲಾರದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಹೆಸರು ಹೊತ್ತ ಗಣಿಗಳನ್ನು ಅದು ನೋಡಿಕೊಳ್ಳುತ್ತಿತ್ತು. ಗಣಿ ಆಳಕ್ಕೆ ಹೋದಷ್ಟೂ ಶಕ್ತಿ ಹೆಚ್ಚು ಬೇಕು. ಒಳಕ್ಕೆ ಗಾಳಿ ತಳ್ಳಬೇಕು, ನೀರು ಎತ್ತಬೇಕು, ಮೇಲಕ್ಕೆ ಬಂದ ಅದುರನ್ನು ಒನಕೆಯಂಥ ಯಂತ್ರಗಳಲ್ಲಿ ಹಗಲೂ ರಾತ್ರಿ ಕುಟ್ಟಬೇಕು. ಇದೆಲ್ಲ ಉಗಿಯಂತ್ರದಿಂದ ನಡೆಯುತ್ತಿತ್ತು. ಉಗಿಯಂತ್ರಕ್ಕೆ ದೂರದಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು, ಇಲ್ಲವೇ ಸುತ್ತಲಿನ ಕಾಡಿನ ಸೌದೆಯಾಗಬೇಕು. ಸೌದೆ ಒಲೆ ಊದಿದ ನಮ್ಮ ಹಿಂದಿನ ತಲೆಮಾರಿನ ಹೆಂಗಸರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದು ಮನೆಯ ಒಲೆಗೇ ಎಷ್ಟು ಬೇಕು! ಇನ್ನು ಗಣಿಯ ಒಲೆ ಎಂದರೆ?

ಈ ಹೊತ್ತಿಗೆ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಐಯ್ಯರ್. ರಾಜ್ಯದ ಉಪ ಮುಖ್ಯ ಎಂಜಿನಿಯರ್ ಕೆನಡಾ ಮೂಲದ ಜೋಲಿ ಡಿ ಲೋಟ್‌ಬಿನಿಯರ್. ಕಾವೇರಿ ಶಿವನಸಮುದ್ರದಲ್ಲಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವುದನ್ನು ನೋಡಿ ಕೈಮುಗಿದು ಹೋಗುವವರೇ ಎಲ್ಲರೂ. ಈತ ನೋಡಿ ಲೆಕ್ಕ ಹಾಕಿದ. 1899ರಲ್ಲಿ ಯೂರೋಪು, ಅಮೆರಿಕ ಸುತ್ತಿ, ಅಲ್ಲಿನ ಯಂತ್ರಗಳನ್ನು ಕಂಡು ಬಂದ. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು ಎಂದು ಗೊತ್ತಾಯಿತು. ಇಷ್ಟು ಖರ್ಚು ಮಾಡಿ ವಿದ್ಯುತ್ತು ಹುಟ್ಟಿಸಿದರೆ ಕೊಳ್ಳುವವರು ಯಾರು? ಆ ಕಾಲಕ್ಕೆ ಮೈಸೂರು ಸೀಮೆಯಲ್ಲಿ ಅಷ್ಟೂ ಶಕ್ತಿಯನ್ನು ಕೊಳ್ಳಬಲ್ಲ ಗಿರಾಕಿ ಒಬ್ಬನೇ. ಗಣಿಯವರು ಇಂತಿಷ್ಟು ಅಶ್ವಶಕ್ತಿ, ವರ್ಷಕ್ಕೆ ಇಂತಿಷ್ಟು ಪೌಂಡು ಎಂದು ಮೊದಲೇ ಒಪ್ಪಂದ ಬರೆದುಕೊಟ್ಟರು. ಆ ಕಾಗದದ ಬಲದ ಮೇಲೆ ಸರ್ಕಾರ ಬೊಕ್ಕಸ ಬಿಚ್ಚಿತು.

ಆಗ ಸರ್ಕಾರ ಎಂದರೆ ಯಾರು ಎನ್ನುವುದನ್ನು ನಮ್ಮ ಹೆಣ್ಣುಮಕ್ಕಳು ನೆನಪಿಡಬೇಕು. ಚಾಮರಾಜ ಒಡೆಯರು 1894ರ ಕೊನೆಯಲ್ಲಿ ತೀರಿಕೊಂಡ ಮೇಲೆ, ಮಗ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದರಿಂದ, 1902ರ ಆಗಸ್ಟ್‌ವರೆಗೆ ರೀಜೆಂಟರಾಗಿ ರಾಜ್ಯ ನಡೆಸಿದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಶಿವನಸಮುದ್ರದ ಕೆಲಸ ಶುರುವಾದದ್ದೂ ಮುಗಿದದ್ದೂ ಅವರ ಆಳ್ವಿಕೆಯಲ್ಲೇ. ಪುಸ್ತಕಗಳು ದಿವಾನರ ಹೆಸರನ್ನೂ ಎಂಜಿನಿಯರನ ಹೆಸರನ್ನೂ ಧಾರಾಳವಾಗಿ ಹೇಳುತ್ತವೆ. ಮಹಾರಾಣಿಯವರ ಹೆಸರು ಬಂದರೆ ಒಂದು ಸಾಲು, ಅದೂ ‘ಅವರ ಕಾಲದಲ್ಲಿ’ ಎಂಬಷ್ಟು.

ಕೆಲಸವೇನೂ ಸುಲಭದ್ದಲ್ಲ. ಹಡಗಿನಲ್ಲಿ ಬಂದ ಭಾರಿ ಯಂತ್ರಗಳು ರೈಲಿನಲ್ಲಿ ಮದ್ದೂರಿನವರೆಗೆ ಬಂದವು. ಅಲ್ಲಿಂದ ಸುಮಾರು ಮೂವತ್ತು ಮೈಲಿ ಎತ್ತಿನ ಗಾಡಿ, ಆನೆಗಳೇ ಗತಿ. ಆ ಗಾಡಿಗಳ ಕಿರುಗುಟ್ಟುವಿಕೆಯ ಮಾತನ್ನು ನಮ್ಮಜ್ಜಿ ತನ್ನ ಅತ್ತೆಯ ಬಾಯಿಂದ ಕೇಳಿದ್ದಳಂತೆ. ಅಜ್ಜಿಯ ಬಾಯಲ್ಲಿ ಆನೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು ಎನ್ನಿ! ನದಿಯ ಆಚೆ ದಡದ ಕೊಳ್ಳೇಗಾಲ ಸೀಮೆ ಆಗ ಮದರಾಸಿಗೆ ಸೇರಿದ್ದರಿಂದ ಆ ಕಡೆಯವರ ಒಪ್ಪಿಗೆಯ ಗೋಜೂ ಇತ್ತು. ಎಲ್ಲಕ್ಕಿಂತ ಕೆಟ್ಟದ್ದು ಜ್ವರ. ಶಿವನಸಮುದ್ರದ ಚಳಿಜ್ವರ ಹೆಸರಾದದ್ದು. ಮಲೇರಿಯಾ ಅದರ ಈಚಿನ ಹೆಸರು. ಬಂಡೆ ಒಡೆಯಲು, ಮಣ್ಣು ಹೊರಲು ಬಂದ ಕೂಲಿಗಳಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಯಂತ್ರ ಕೊಟ್ಟ ಕಂಪನಿಗಳ ಹೆಸರು ಉಳಿದಿದೆ. ಬುಟ್ಟಿ ಹೊತ್ತವರಲ್ಲಿ ಒಬ್ಬರ ಹೆಸರೂ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

1902ರ ಜೂನ್ 30ರಂದು ವಿದ್ಯುತ್ತು ಗಣಿ ಮುಟ್ಟಿತು. ಶೇಷಾದ್ರಿ ಐಯ್ಯರ್ ಅದನ್ನು ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ಅವರು ತೀರಿಕೊಂಡಿದ್ದರು. ಏಷ್ಯಾದಲ್ಲೇ ಮೊದಲನೆಯದು ಎಂದು ನಾವು ಹೆಮ್ಮೆಯಿಂದ ಹೇಳುವುದುಂಟು. ಡಾರ್ಜಿಲಿಂಗಿನಲ್ಲಿ 1897ರಲ್ಲೇ ಚಿಕ್ಕದೊಂದು ಜಲವಿದ್ಯುತ್ ಕೇಂದ್ರ ಇತ್ತು. ಆದರೂ ಇಷ್ಟು ದೊಡ್ಡ ಕೆಲಸಕ್ಕೆ, ಇಷ್ಟು ದೂರಕ್ಕೆ ವಿದ್ಯುತ್ತು ಸಾಗಿಸಿದ ತಂತಿಮಾರ್ಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದವುಗಳಲ್ಲಿ ಒಂದು. ಅದಕ್ಕೆ ಉತ್ಪ್ರೇಕ್ಷೆ ಬೇಕಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಗಣಿಗೆ ಹೋಗಿ ಮೂರು ವರ್ಷದ ಮೇಲೆ.

ಈ ವರ್ತನೆಯಲ್ಲಿ ಒಂದು ತೊಡಕಿತ್ತು. ಹಾಲಿನವಳಿಗೂ ಬೇಸಿಗೆಯಲ್ಲಿ ಎಮ್ಮೆ ಬತ್ತುತ್ತದೆ. ಕಾವೇರಿಯೂ ಹಾಗೆ, ಏಪ್ರಿಲ್ ಮೇ ತಿಂಗಳಲ್ಲಿ ಬಂಡೆಗಳ ನಡುವೆ ಬಳ್ಳಿಯಂತೆ ಹರಿಯುತ್ತದೆ. ಗಣಿಯವರ ಒನಕೆ ಮಾತ್ರ ಬೇಸಿಗೆಯಲ್ಲಿ ನಿಲ್ಲುವಂತಿಲ್ಲ, ಮೇಲಾಗಿ ಅವರಿಗೆ ಇನ್ನೂ ಹೆಚ್ಚು ಶಕ್ತಿ ಬೇಕು. ಮೇಲೆಲ್ಲಾದರೂ ನೀರು ಕಟ್ಟಿ ನಿಲ್ಲಿಸಿದರೆ ಮಾತ್ರ ಮಾತು ಉಳಿಯುವುದು. ಕನ್ನಂಬಾಡಿ ಕಟ್ಟೆ ಎಂದರೆ ಮಂಡ್ಯದವರಾದ ನಮಗೆ ಭತ್ತ, ಕಬ್ಬು, ವಿಶ್ವೇಶ್ವರಯ್ಯನವರು. ಅದು ನಿಜವೇ. ಆದರೆ ಆ ಕಟ್ಟೆಯ ಬುಡದಲ್ಲಿ ಚಿನ್ನದ ಗಣಿಯ ಒಪ್ಪಂದವೂ ಇದೆ ಎನ್ನುವುದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. 1911ರ ಕೊನೆಯಲ್ಲಿ ಕೆಲಸ ಆರಂಭವಾಯಿತು. 1915ರ ಜುಲೈ ಹೊತ್ತಿಗೆ ಗಣಿಗೆ ಹೆಚ್ಚಿನ ವಿದ್ಯುತ್ತು ಕೊಡಲೇಬೇಕೆಂಬ ಕಟ್ಟುಪಾಡು ಇದ್ದುದರಿಂದ ರಾತ್ರಿಯೂ ದೊಡ್ಡ ದೀಪ ಹಚ್ಚಿ ಗೋಡೆ ಏರಿಸಿದರು. ಸುಮಾರು 10,000 ಜನ ಅಲ್ಲಿ ದುಡಿದರು. ಅಲ್ಲಿಯೂ ಚಳಿಜ್ವರ, ಕಾಲರಾ.

ಹಳೆಯ ಕನ್ನಂಬಾಡಿ ಊರು ನೀರಿಗೆ ಹೋಯಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿ ಬರಗಾಲದ ವರ್ಷಗಳಲ್ಲಿ ನೀರಿನಿಂದ ತಲೆಯೆತ್ತಿ ಕಾಣುತ್ತಿತ್ತು. ಈಗ ಕಲ್ಲುಕಲ್ಲಾಗಿ ಬಿಡಿಸಿ ಮೇಲಕ್ಕೆ ತಂದು ಕಟ್ಟಿದ್ದಾರೆ. ಮನೆಗಳನ್ನು ಹಾಗೆ ಯಾರೂ ತರುವುದಿಲ್ಲ. ಮಹಾರಾಣಿಯವರು ಒಡವೆ ಮಾರಿ ಕಟ್ಟೆಗೆ ಹಣ ಕೊಟ್ಟರೆಂಬ ಮಾತು ನಮ್ಮ ಕಡೆ ಮನೆಮನೆಯಲ್ಲಿದೆ. ಆ ಮಾತಿಗೆ ನಾನು ಸಾಕ್ಷಿ ಹುಡುಕಲು ಹೋಗುವುದಿಲ್ಲ. ಆದರೆ ಮುಳುಗಿದ ಊರುಗಳಲ್ಲಿ ಒಲೆ ಕಿತ್ತುಕೊಂಡು ಹೊರಟ ಹೆಂಗಸರ ಕಥೆಯನ್ನು ಯಾಕೆ ಅಷ್ಟೇ ಪ್ರೀತಿಯಿಂದ ಹೇಳುವುದಿಲ್ಲ ಎಂದು ಯೋಚಿಸುತ್ತೇನೆ.

ಗಣಿಯವರು ಕೆಟ್ಟ ಗಿರಾಕಿಗಳೆಂದು ನಾನು ಹೇಳುತ್ತಿಲ್ಲ. ಮಾರುವವರ ಮಟ್ಟಿಗೆ ನೋಡಿದರೆ ಅವರು ಒಳ್ಳೆಯ ಗಿರಾಕಿಗಳೇ. ಮುಂಚಿತವಾಗಿ ಮಾತು ಕೊಟ್ಟರು, ಹಣ ಕೊಟ್ಟರು, ವರ್ಷಾನುಗಟ್ಟಲೆ ಕೊಂಡರು. ಆ ಹಣದಿಂದಲೇ ಮೈಸೂರಿನ ವಿದ್ಯುತ್ ಇಲಾಖೆ ಬೆಳೆಯಿತು. ಸೌದೆ ಉಳಿಯಿತು. ಆದರೆ ಒಪ್ಪಂದದ ಕಾಗದದಲ್ಲಿ ಎರಡೇ ಹೆಸರು, ಕೊಳ್ಳುವವರದು ಮತ್ತು ಮಾರುವವರದು. ಬುಟ್ಟಿ ಹೊತ್ತವಳು, ಜ್ವರದಲ್ಲಿ ಮಲಗಿದವನು, ಮುಳುಗಿದ ಊರಿನವರು, ತಂತಿಯ ಕೆಳಗೆ ಬುಡ್ಡಿ ದೀಪ ಹಚ್ಚಿಕೊಂಡು ಕುಳಿತವರು, ಇವರ ಹೆಸರು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಬೆಳಕವಾಡಿಯ ನಮ್ಮಜ್ಜಿಯ ಅಡುಗೆಮನೆಯಲ್ಲಿ ನಾನು ಹುಡುಗಿಯಾಗಿದ್ದಾಗಲೂ ಬುಡ್ಡಿ ದೀಪವೇ ಇತ್ತು. ಅದರ ಮಸಿ ಗೋಡೆಯ ಮೇಲೆ ಮೊಳದುದ್ದ ಹತ್ತಿತ್ತು.

ಈಗಿನ ದೊಡ್ಡ ಗಣಿ ಕಂಪನಿಗಳು ‘ಜವಾಬ್ದಾರಿಯ ಖರೀದಿ’ ಎಂದು ನಿಯಮಗಳನ್ನೇ ಅಚ್ಚು ಹಾಕಿಸುತ್ತವೆ. ನಿಮಗೆ ಸಾಮಾನು ಕೊಡುವವರು ಮಕ್ಕಳಿಂದ ದುಡಿಸುತ್ತಾರೆಯೇ, ಕೂಲಿ ಸರಿಯಾಗಿ ಕೊಡುತ್ತಾರೆಯೇ, ನೀರು ಕೆಡಿಸುತ್ತಾರೆಯೇ ಎಂದು ಕೊಳ್ಳುವವರೇ ವಿಚಾರಿಸಬೇಕೆಂಬುದು ಅದರ ಸಾರ. ಬ್ರಿಟನ್ನಿನಲ್ಲಿ 2015ರಲ್ಲಿ ಬಂದ ಕಾನೂನು, ತಮಗೆ ಸರಬರಾಜು ಮಾಡುವವರಲ್ಲಿ ಜೀತವಿದೆಯೇ ಎಂದು ನೋಡಲು ಏನು ಮಾಡಿದ್ದೇವೆಂದು ದೊಡ್ಡ ಕಂಪನಿಗಳು ವರ್ಷಕ್ಕೊಮ್ಮೆ ಹೇಳಬೇಕೆನ್ನುತ್ತದೆ. ಲಂಡನ್ನಿನಲ್ಲಿ ಕುಳಿತು ಕೋಲಾರ ನಡೆಸಿದವರಿಗೆ ಇಂಥ ಪ್ರಶ್ನೆ ಯಾರೂ ಹಾಕಿರಲಿಲ್ಲ.

ನಮ್ಮಲ್ಲಿಯೂ ಒಂದೆರಡು ನಿಯಮಗಳಿವೆ. ಸಣ್ಣ ಉದ್ಯಮದವರಿಂದ ಸಾಮಾನು ತರಿಸಿಕೊಂಡವರು 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ಕೇಂದ್ರ ಸರ್ಕಾರದ ಉದ್ಯಮಗಳು ತಮ್ಮ ಖರೀದಿಯಲ್ಲಿ ನೂರಕ್ಕೆ 25 ಭಾಗವನ್ನು ಸಣ್ಣ ಉದ್ಯಮಗಳಿಂದ ಮಾಡಬೇಕು, ಅದರಲ್ಲಿ ನೂರಕ್ಕೆ 3 ಭಾಗ ಹೆಂಗಸರು ನಡೆಸುವ ಉದ್ಯಮಗಳಿಗೆ ಎಂದು 2018ರಲ್ಲಿ ಗೊತ್ತುಮಾಡಿದರು. ಸಂಡೂರಿನ ದೋಣಿಮಲೆಯಲ್ಲಿ ಕಬ್ಬಿಣದ ಅದುರು ತೆಗೆಯುವ ಎನ್‌ಎಂಡಿಸಿಯೂ ಈ ಲೆಕ್ಕಕ್ಕೆ ಬರುತ್ತದೆ. ಮೂರು ಎಂದರೆ ಚಿಕ್ಕ ಸಂಖ್ಯೆಯೇ. ಆದರೂ ಕೈಗವಸು ಹೊಲಿಯುವ, ಸಮವಸ್ತ್ರ ಹೊಲಿಯುವ, ಊಟ ಕಟ್ಟಿಕೊಡುವ ಹೆಂಗಸಿಗೆ ಅಂಥ ಕಾಗದದಲ್ಲಿ ಒಂದು ಜಾಗ ಇದೆ ಎಂಬುದನ್ನು ತಿಳಿದುಕೊಂಡಿರುವುದು ಒಳ್ಳೆಯದು. 45 ದಿನವನ್ನೂ ಬೆರಳು ಮಡಿಸಿ ಎಣಿಸಬೇಕು, ಹಾಲಿನವಳು ಗೋಡೆಯ ಮೇಲೆ ಗೀಟು ಎಳೆದಂತೆ.

ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, ಆಮೇಲೆ ಅವು ಕೇಂದ್ರಕ್ಕೆ ಸೇರಿದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಉಳಿದದ್ದು ಜನ ‘ಸೈನೈಡ್ ಗುಡ್ಡ’ ಎನ್ನುವ ಬೂದುಬಣ್ಣದ ದಿಣ್ಣೆಗಳು. ಗಾಳಿ ಬೀಸಿದರೆ ಅಲ್ಲಿನ ಹೆಂಗಸರು ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಾರೆ. ಬ್ಲಫ್‌ನಲ್ಲಿ ಮಾತ್ರ ಶೇಷಾದ್ರಿ ಐಯ್ಯರರ ಹೆಸರಿನ ವಿದ್ಯುದಾಗಾರಕ್ಕೆ ಕಾವೇರಿ ಈಗಲೂ ಧುಮುಕುತ್ತಾಳೆ.