ಕಾರ್ನಿಯಾ ಕಸಿಯ ನಂತರ ಕಣ್ಣು ಕಾಣುತ್ತಿದ್ದರೆ ಸ್ಕ್ಯಾನ್ ಬೇಡವೇ?

ಹೇಳಿಕೆ: ಕಾರ್ನಿಯಾ ಕಸಿ ಆದವರು ಆಸ್ಪತ್ರೆಯ ಬೋರ್ಡಿನ ಅಕ್ಷರ ಓದಿದರೆ ಸಾಕು. ಆಮೇಲೆ ಸ್ಕ್ಯಾನ್ ಮಾಡಿಸುವುದು ದುಡ್ಡು ದಂಡ.

ಸತ್ಯಾಂಶ: ತಪ್ಪು. ಬೋರ್ಡ್ ತೋರಿಸದ ತೊಂದರೆಗಳನ್ನು ಸ್ಕ್ಯಾನ್ ಮೊದಲೇ ತೋರಿಸಬಲ್ಲದು.

ಭಾಗಶಃ ಕಸಿ ಎಂದರೇನು?

ಕಸಿಯಲ್ಲಿ ಇಡೀ ಕಣ್ಣನ್ನು ಬದಲಾಯಿಸುವುದಿಲ್ಲ. ಬದಲಾಗುವುದು ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪದರ, ಅಂದರೆ ಕಾರ್ನಿಯಾ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಈಗ ಹಲವರಿಗೆ ಅದರಲ್ಲೂ ಹಾಳಾದ ಪದರವನ್ನಷ್ಟೇ ಬದಲಾಯಿಸುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ನಾಲ್ವರಿಗೆ ಬೆಳಕಾದದ್ದು ಹೀಗೆಯೇ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಕಾರ್ನಿಯಾಗಳ ಮುಂಭಾಗವನ್ನು ಇಬ್ಬರಿಗೆ, ಹಿಂಭಾಗವನ್ನು ಇನ್ನಿಬ್ಬರಿಗೆ ಕಸಿ ಮಾಡಿದ್ದರು.

ಬೋರ್ಡ್ ಓದಿದರೆ ಏಕೆ ಸಾಲದು?

ಬೋರ್ಡಿನಲ್ಲಿರುವುದು ಬಿಳಿ ಹಿನ್ನೆಲೆಯ ಕಪ್ಪು ಅಕ್ಷರ. ಅದನ್ನು ಕೊನೆಯ ಸಾಲಿನವರೆಗೆ ಓದಿದವರಿಗೂ ರಾತ್ರಿ ಸಂತೆಕಟ್ಟೆಯ ಹೆದ್ದಾರಿಯಲ್ಲಿ ಎದುರು ಬರುವ ಲಾರಿಯ ಹೆಡ್‌ಲೈಟ್ ಹರಡಿಕೊಂಡು ರಸ್ತೆಯೇ ಕಾಣದಂತಾಗಬಹುದು. ಹಳೆಯ ಮತ್ತು ಹೊಸ ಪದರ ಕೂಡುವಲ್ಲಿ ಉಳಿದ ತೆಳು ಮಂಜು, ಅಥವಾ ಕಾರ್ನಿಯಾದ ಏರುತಗ್ಗು ಇದಕ್ಕೆ ಕಾರಣವಾಗಿರಬಹುದು.

ಯಾವ ಸ್ಕ್ಯಾನ್ ಏನು ತೋರಿಸುತ್ತದೆ?

• ಓಸಿಟಿ: ಬೆಳಕಿನ ಸಹಾಯದಿಂದ ಕಾರ್ನಿಯಾದ ಅಡ್ಡಸೀಳು ಚಿತ್ರ ತೆಗೆಯುತ್ತದೆ. ಹೊಸ ಪದರ ಸರಿಯಾಗಿ ಅಂಟಿದೆಯೇ, ನಡುವೆ ನೀರು ನಿಂತಿದೆಯೇ ಎಂದು ತಿಳಿಯುತ್ತದೆ. ಬಿಟ್ಟುಕೊಂಡಿದ್ದರೆ ಕಣ್ಣಿನೊಳಗೆ ಗಾಳಿಗುಳ್ಳೆ ತುಂಬಿ ಮತ್ತೆ ಅಂಟಿಸಲು ಸಾಧ್ಯ.
• ಪೆಂಟಾಕ್ಯಾಮ್‌ನಂಥ ತಿರುಗುವ ಕ್ಯಾಮೆರಾ: ಕಾರ್ನಿಯಾದ ಮುಂದಿನ ಮತ್ತು ಹಿಂದಿನ ಮೇಲ್ಮೈಯ ನಕ್ಷೆ, ದಪ್ಪ ಮತ್ತು ಮಂಜಿನ ಪ್ರಮಾಣ ಕೊಡುತ್ತದೆ.
• ಸ್ಪೆಕ್ಯುಲರ್ ಮೈಕ್ರೋಸ್ಕೋಪಿ: ಕಾರ್ನಿಯಾದ ನೀರನ್ನು ಹೊರಹಾಕುವ ಒಳಪದರದ ಕೋಶಗಳನ್ನು ಎಣಿಸುತ್ತದೆ. ಇವು ಸತ್ತರೆ ಆ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ.

ಇವು ಯಾವುವೂ ಎಕ್ಸ್-ರೇ ಅಲ್ಲ, ವಿಕಿರಣದ ಭಯ ಬೇಡ. ನೋವೂ ಇರುವುದಿಲ್ಲ.

ಹಾಗಾದರೆ ಸ್ಕ್ಯಾನ್ ಒಂದೇ ಸಾಕೇ?

ಇಲ್ಲ. ಕಾರ್ನಿಯಾ ಸ್ವಚ್ಛವಾಗಿದ್ದರೂ ರೆಟಿನಾ ದೋಷ, ಕಣ್ಣಿನ ಪೊರೆ ಅಥವಾ ಗ್ಲಾಕೋಮಾದಿಂದ ದೃಷ್ಟಿ ಮಂದವಾಗಿರಬಹುದು. ಕಸಿಯ ನಂತರ ಕೊಡುವ ಸ್ಟೆರಾಯ್ಡ್ ಹನಿಗಳಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಆದ್ದರಿಂದ ವೈದ್ಯರು ಬೋರ್ಡ್, ಸ್ಕ್ಯಾನ್, ಒತ್ತಡ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಪ್ರತಿ ಭೇಟಿಯಲ್ಲೂ ಎಲ್ಲ ಸ್ಕ್ಯಾನ್ ಬೇಕಾಗುವುದಿಲ್ಲ. ಯಾವುದು ಏಕೆ ಎಂದು ಕೇಳಿ ತಿಳಿದುಕೊಳ್ಳಿ, ಹಳೆಯ ರಿಪೋರ್ಟ್ ಜೊತೆಗೆ ಒಯ್ಯಿರಿ. ಹಿಂದಿನ ಅಳತೆಯೊಂದಿಗೆ ಹೋಲಿಸಿದಾಗಲೇ ಬದಲಾವಣೆ ಗೊತ್ತಾಗುವುದು.

ಯಾವಾಗ ತಡ ಮಾಡಬಾರದು?

ಕಣ್ಣು ಕೆಂಪಾಗುವುದು, ನೋವು, ಬೆಳಕು ಚುಚ್ಚುವುದು, ದೃಷ್ಟಿ ಮಸುಕಾಗುವುದು: ಇವು ದೇಹ ಕಸಿಯನ್ನು ತಿರಸ್ಕರಿಸುತ್ತಿರುವ ಸೂಚನೆ ಇರಬಹುದು. ವರ್ಷಗಳ ನಂತರವೂ ಹೀಗಾಗಬಹುದು. ಅಂದೇ ವೈದ್ಯರ ಬಳಿ ಹೋಗಿ. ಬೇಗ ಚಿಕಿತ್ಸೆ ಸಿಕ್ಕರೆ ಅನೇಕ ಬಾರಿ ಕಸಿ ಉಳಿಯುತ್ತದೆ. ಬೆಳಿಗ್ಗೆ ಮಂಜಾಗಿದ್ದು ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತಿದ್ದರೂ ಹೇಳಿ, ಅದು ಒಳಪದರ ಸೋಲುತ್ತಿರುವ ಲಕ್ಷಣವಿರಬಹುದು. ಚೆನ್ನಾಗಿ ಕಾಣುತ್ತಿದೆ ಎಂದು ಹನಿ ಔಷಧಿಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ನಮ್ಮ ತೀರ್ಮಾನ: "ಕಾಣುತ್ತಿದ್ದರೆ ಸ್ಕ್ಯಾನ್ ಬೇಡ" ಎಂಬ ಮಾತು ಗ್ರೂಪಿನಲ್ಲಿ ಬಂದರೆ ಮುಂದೆ ಕಳಿಸಬೇಡಿ. ಯಾರೋ ದಾನವಾಗಿ ಕೊಟ್ಟ ಪದರವನ್ನು ಉಳಿಸಿಕೊಳ್ಳಲು ತಪಾಸಣೆ ತಪ್ಪಿಸಬಾರದು.