ಪರದೇಶಿಗೆ ಸಿಕ್ಕ ಮನೆ

ಹನೂರಿನ ಸೀಮೆಯಲ್ಲಿ ಲೊಕ್ಕನಹಳ್ಳಿಯನ್ನು ದಾಟಿ ಒಡೆಯರಪಾಳ್ಯದತ್ತ ಪಯಣಿಸಿದ್ದೀರಾ? ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಅಲುಗುವುದನ್ನು ಕಂಡಿರಬಹುದು. 1959ರಲ್ಲಿ ದಲೈ ಲಾಮಾ ಅವರು ಭಾರತದಲ್ಲಿ ಆಶ್ರಯ ಪಡೆದಾಗ, ಅವರನ್ನು ಹಿಂಬಾಲಿಸಿ ಸಹಸ್ರಾರು ಟಿಬೆಟನ್ನರು ಹಿಮಾಲಯವನ್ನು ದಾಟಿ ಬಂದರು. ಅವರಲ್ಲಿ ಕೆಲವರಿಗೆ 1970ರ ದಶಕದಲ್ಲಿ ಅಂದಿನ ಕೊಳ್ಳೇಗಾಲ ತಾಲ್ಲೂಕಿನ ಈ ಕಾಡಂಚಿನಲ್ಲಿ ನೆಲೆ ದೊರೆಯಿತು. ಅದೇ ಇಂದಿನ ಧೊಂಡೆನ್‌ಲಿಂಗ್.

ಅವರನ್ನು ನಾವು ಅಪರಿಚಿತರೆನ್ನುತ್ತೇವೆ. ಆದರೆ ಅವರಿಗೂ ನಮ್ಮ ಧರ್ಮಸಭೆಗೂ ಇರುವ ಪರಿಚಯ ಮುನ್ನೂರು ವರ್ಷಗಳಷ್ಟು ಹಳೆಯದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇಟಲಿಯ ಪಿಸ್ಟೋಯಾ ನಗರದಲ್ಲಿ 1684ರಲ್ಲಿ ಜನಿಸಿದ ಇಪ್ಪೊಲಿಟೊ ದೆಸಿದೇರಿ ಯೇಸುಸಭೆಯ ಗುರುಗಳು. 1712ರಲ್ಲಿ ರೋಮಿನಿಂದ ಹೊರಟ ಅವರು, ಕಾಶ್ಮೀರ ಮತ್ತು ಲಡಾಖ್‌ಗಳ ಹಿಮದ ಹಾದಿ ಸವೆಸಿ 1716ರ ಮಾರ್ಚ್ 18ರಂದು ಲ್ಹಾಸಾ ತಲುಪಿದರು. ಅಲ್ಲಿಯ ಭಾಷೆಯನ್ನು ಎಷ್ಟು ಶ್ರದ್ಧೆಯಿಂದ ಕಲಿತರೆಂದರೆ, ಮರುವರ್ಷದ ಜನವರಿಯಲ್ಲಿಯೇ ಕ್ರೈಸ್ತ ವಿಶ್ವಾಸವನ್ನು ಕುರಿತು ಟಿಬೆಟನ್ ಭಾಷೆಯಲ್ಲಿ ಬರೆದ ಗ್ರಂಥವೊಂದನ್ನು ದೊರೆ ಲ್ಹಜಾಂಗ್ ಖಾನನಿಗೆ ಅರ್ಪಿಸಿದರು. ದೊರೆ ಕೋಪಗೊಳ್ಳಲಿಲ್ಲ. ಮೊದಲು ನಮ್ಮ ಶಾಸ್ತ್ರಗಳನ್ನು ಓದಿ, ಆಮೇಲೆ ಚರ್ಚಿಸಿರಿ ಎಂಬುದು ಅವನ ಸಲಹೆಯಾಗಿತ್ತು.

ಹಾಗೆ ಅವರು ಸೆರಾ ಮಹಾಮಠವನ್ನು ಸೇರಿದರು. ಭಿಕ್ಷುಗಳು ಅವರಿಗೆ ವಸತಿ ಕೊಟ್ಟರು, ಗ್ರಂಥಗಳನ್ನು ತೆರೆದಿಟ್ಟರು; ಅಷ್ಟೇ ಅಲ್ಲ, ಬಲಿಪೂಜೆ ಅರ್ಪಿಸಲು ಚಿಕ್ಕದೊಂದು ಪೂಜಾಸ್ಥಳ ಮಾಡಿಕೊಳ್ಳಲೂ ಅವಕಾಶವಿತ್ತರು. ತಮ್ಮ ನಂಬಿಕೆಯನ್ನು ಖಂಡಿಸಲು ಬಂದವನೆಂದು ತಿಳಿದೂ ಅವರು ಇಷ್ಟನ್ನು ಮಾಡಿದರು!

ದೆಸಿದೇರಿಯವರು ತಮ್ಮ ಅಭಿಪ್ರಾಯವನ್ನು ಮರೆಮಾಚಲಿಲ್ಲ. ಪುನರ್ಜನ್ಮದ ಸಿದ್ಧಾಂತವನ್ನು ಅಲ್ಲಗಳೆದು ಟಿಬೆಟನ್ ಭಾಷೆಯಲ್ಲಿಯೇ ಬರೆದರು. ಆದರೆ ಭಿಕ್ಷುಗಳ ತರ್ಕಕ್ರಮವನ್ನು ಕಲಿತು, ಅವರದೇ ರೀತಿಯಲ್ಲಿ ವಾದಿಸಿದರು; ಅವರ ನೀತಿಬೋಧೆಯನ್ನು ಮನಸಾರೆ ಮೆಚ್ಚಿ ದಾಖಲಿಸಿದರು. ಒಮ್ಮತವಿಲ್ಲದಿದ್ದರೂ ಸಮಾನ ನೆಲೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ? ಒಬ್ಬರ ಮಾತನ್ನು ಇನ್ನೊಬ್ಬರು ಕಲಿಯುವ ತಾಳ್ಮೆಯೇ ಆ ನೆಲೆಯಾಗಿತ್ತು.

1717ರ ಕೊನೆಯಲ್ಲಿ ಜುಂಗಾರರ ದಾಳಿಗೆ ಲ್ಹಾಸಾ ತುತ್ತಾಯಿತು, ದೊರೆ ಹತನಾದ. ಟಿಬೆಟಿನ ಧರ್ಮಪ್ರಚಾರ ಕಾರ್ಯವನ್ನು ರೋಮ್ ಕಪುಚಿನ್ ಸಭೆಗೆ ವಹಿಸಿದ್ದರಿಂದ 1721ರಲ್ಲಿ ದೆಸಿದೇರಿಯವರು ಆ ನಾಡನ್ನು ತೊರೆಯಬೇಕಾಯಿತು. ಯೂರೋಪಿಗೆ ಮರಳುವ ಮುನ್ನ ಅವರು ದಕ್ಷಿಣ ಭಾರತದಲ್ಲಿಯೂ ಕೆಲಕಾಲ ಸೇವೆ ಸಲ್ಲಿಸಿದರು. 1733ರಲ್ಲಿ ರೋಮಿನಲ್ಲಿ ತೀರಿಕೊಂಡರು.

ಚರಿತ್ರೆಯ ಚಕ್ರ ತಿರುಗಿತು. ಅಂದು ಆಶ್ರಯವಿತ್ತ ಸೆರಾ ಮಠದ ಭಿಕ್ಷುಗಳೇ 1959ರ ನಂತರ ನಿರಾಶ್ರಿತರಾದರು. ಆ ಮಠ ನಮ್ಮ ಕರ್ನಾಟಕದ ಬೈಲಕುಪ್ಪೆಯಲ್ಲಿ ಮತ್ತೆ ತಲೆಯೆತ್ತಿತು. ಒಡೆಯರಪಾಳ್ಯದಲ್ಲಿ ಝೋಗ್‌ಚೆನ್ ಮಠ ಪುನಃ ಸ್ಥಾಪನೆಗೊಂಡು 1992ರಲ್ಲಿ ದಲೈ ಲಾಮಾ ಅವರಿಂದಲೇ ಉದ್ಘಾಟನೆಗೊಂಡಿತು. ಕನ್ನಡ, ತಮಿಳು, ಸೋಲಿಗರ ನುಡಿ ಎಲ್ಲವೂ ಕೇಳಿಬರುವ ಈ ಸೀಮೆ ಇನ್ನೊಂದು ನುಡಿಗೂ ಎಡೆಮಾಡಿಕೊಟ್ಟಿತು. ಬದುಕಿಗಾಗಿ ಅವರು ನಮ್ಮ ಮುಸುಕಿನ ಜೋಳವನ್ನು ಬೆಳೆದರು. ಸಂತೆ ವ್ಯವಹಾರಕ್ಕಾಗಿ ನಮ್ಮ ಮಾತನ್ನು ಕಲಿತರು. ನಾವು ಅವರ ಒಂದು ಮಾತನ್ನಾದರೂ ಕಲಿತೆವೇ?

ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡರ್ಥ: ಬೇರೆ ದೇಶದವನು ಮತ್ತು ದಿಕ್ಕಿಲ್ಲದವನು. ಮೊದಲನೆಯವನು ಎರಡನೆಯವನಾಗದಂತೆ ನೋಡಿಕೊಳ್ಳುವುದು ಬಾಗಿಲು ತೆರೆಯುವವರ ಕೈಯಲ್ಲಿದೆ. ಕೊಳ್ಳೇಗಾಲ, ಯಳಂದೂರುಗಳಿಂದ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ತಂದೆತಾಯಿ ಅಲ್ಲಿ ಯಾರಾದರೂ ಅವರನ್ನು ಪ್ರೀತಿಯಿಂದ ಕಂಡಾರೆಂದು ಪ್ರಾರ್ಥಿಸುವುದಿಲ್ಲವೇ? ಅಂತಿಮ ತೀರ್ಪಿನ ದಿನವನ್ನು ಕುರಿತು ನುಡಿಯುವಾಗ ಪ್ರಭು ಯೇಸು ತಮ್ಮನ್ನೇ ಪರದೇಶಿಯ ಸ್ಥಾನದಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಪ್ರಿಯ ಓದುಗರೇ, ಟಿಬೆಟನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ನೆರೆಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಯುವಜನರಲ್ಲಿ ಅನೇಕರು ದೂರದ ಊರುಗಳಿಗೆ ತೆರಳುತ್ತಿದ್ದಾರೆ. ಒಂದು ಭಾನುವಾರ ಬಲಿಪೂಜೆಯ ಬಳಿಕ ಮಕ್ಕಳನ್ನು ಕರೆದುಕೊಂಡು ಒಡೆಯರಪಾಳ್ಯಕ್ಕೆ ಹೋಗಿಬನ್ನಿ. ಆ ಹಿರಿಯರ ಬಳಿ ಕುಳಿತು, ಅವರು ಬಂದ ದಾರಿಯ ಕಥೆಯನ್ನು ಕೇಳಿರಿ. ಮುನ್ನೂರು ವರ್ಷಗಳ ಹಿಂದೆ ನಮ್ಮ ಗುರುವೊಬ್ಬರಿಗೆ ಅವರ ಪೂರ್ವಿಕರು ಮನೆ ಕೊಟ್ಟಿದ್ದರೆಂಬುದನ್ನು ಅವರಿಗೆ ಹೇಳಲು ಮರೆಯದಿರಿ.